ಜೆಕ್ ಮನೆತನದ ಮೂಲ ಹುಡುಕಲು ಹಳೆಯ ಭೂದಾಖಲೆಗಳು ನೆರವಾಗುತ್ತವೆಯೇ?

ಪ್ರಶ್ನೆ: ನಾವು ಮೈಸೂರು ಕಡೆಯವರು, ಈಗ ಅಮೆರಿಕದ ನೆಬ್ರಾಸ್ಕದಲ್ಲಿ ಮಗಳ ಮನೆಯಲ್ಲಿದ್ದೇವೆ. ಅಳಿಯನ ಮನೆತನದವರು 1870ರ ದಶಕದಲ್ಲಿ ಇಂದಿನ ಜೆಕ್ ಗಣರಾಜ್ಯಕ್ಕೆ ಸೇರಿದ ದಕ್ಷಿಣ ಬೊಹೀಮಿಯದ ತ್ರೆಬೊನ್ ಪಟ್ಟಣದ ಸುತ್ತಲಿನ ಹಳ್ಳಿಯೊಂದರಿಂದ ಇಲ್ಲಿಗೆ ಬಂದವರು. ಮೊಮ್ಮಗನಿಗಾಗಿ ಎರಡೂ ಕಡೆಯ ವಂಶಾವಳಿಯನ್ನು ಬರೆದಿಡಬೇಕೆಂದು ಹೊರಟೆ. ಚರ್ಚಿನ ಜನನ ಪುಸ್ತಕಗಳಲ್ಲಿ 1788ರವರೆಗೆ ಹೋಗಿ ನಿಂತುಬಿಟ್ಟಿದ್ದೇನೆ. ಆ ವರ್ಷ 14ನೇ ನಂಬರಿನ ಮನೆಯಲ್ಲಿ ಹುಟ್ಟಿದ ಯಾನ್ ಎಂಬವನ ತಂದೆಯನ್ನು 'ಮತ್ಯೇಯ್ ದುಶೆಕ್, ಸೆದ್ಲಾಕ್' ಎಂದು ಬರೆದಿದ್ದಾರೆ. ಎರಡು ವರ್ಷದ ನಂತರ ಅದೇ ಮನೆಯಲ್ಲಿ, ಅದೇ ತಾಯಿಗೆ ಹುಟ್ಟಿದ ಮಗಳ ನಮೂದಿನಲ್ಲಿ ತಂದೆಯ ಹೆಸರು 'ಮತ್ಯೇಯ್ ಕುಚೆರ' ಎಂದಾಗಿದೆ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಮನೆ ನಂಬರೇ ಇಲ್ಲ, ಮತ್ಯೇಯ್ ಎಂಬ ಹೆಸರಿನವರು ಹಲವರಿದ್ದಾರೆ. ಇಲ್ಲಿಂದ ಮುಂದಕ್ಕೆ ಭೂದಾಖಲೆಗಳು ದಾರಿ ತೋರಿಸಬಲ್ಲವೇ? ಎಷ್ಟು ಹಿಂದಕ್ಕೆ ಹೋಗಬಹುದು?

ಉತ್ತರ: ಖಂಡಿತ ತೋರಿಸಬಲ್ಲವು, ಮತ್ತು ನಿಮ್ಮ ವಿಷಯದಲ್ಲಿ ಹಾಗೆ ಹೇಳಲು ಗಟ್ಟಿಯಾದ ಕಾರಣವಿದೆ. ನಿಮಗೆ ಸಿಕ್ಕ ನಮೂದಿನಲ್ಲಿ ಮತ್ಯೇಯ್‌ನನ್ನು 'ಸೆದ್ಲಾಕ್' ಎಂದು ಗುರುತಿಸಿದ್ದಾರೆ. ಜೆಕ್ ಹಳ್ಳಿಯಲ್ಲಿ ಸೆದ್ಲಾಕ್ ಎಂದರೆ ಪೂರ್ಣ ಪ್ರಮಾಣದ ಹಿಡುವಳಿಯಿದ್ದ ರೈತ. ಅವನ ಕೆಳಗೆ ಸಣ್ಣ ಹಿಡುವಳಿಯ ಖಲುಪ್ನೀಕ್, ಅದಕ್ಕೂ ಕೆಳಗೆ ಮನೆ ಮತ್ತು ತುಂಡು ಹಿತ್ತಿಲು ಮಾತ್ರ ಇದ್ದ ದೊಮ್ಕಾರ್ಷ್, ಎಲ್ಲರಿಗಿಂತ ಕೆಳಗೆ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿದ್ದು ಕೂಲಿ ಮಾಡುತ್ತಿದ್ದ ಪೊದ್ರುಹ್ ಬರುತ್ತಾರೆ. ಭೂದಾಖಲೆಗಳು ಭೂಮಿ ಅಥವಾ ಮನೆಯನ್ನು ಹಿಡಿದಿದ್ದವರ ಬಗ್ಗೆ ಮಾತ್ರ ಮಾತನಾಡುತ್ತವೆ. ಮತ್ಯೇಯ್ ಪೊದ್ರುಹ್ ಆಗಿದ್ದರೆ ನಾನು ಇಷ್ಟು ಭರವಸೆಯಿಂದ ಉತ್ತರಿಸುತ್ತಿರಲಿಲ್ಲ.

ನೀವು 1788ರ ಬಳಿ ನಿಂತದ್ದಕ್ಕೆ ಕಾರಣ ನಿಮ್ಮ ಹುಡುಕಾಟದ ಕೊರತೆಯಲ್ಲ, ದಾಖಲೆಗಳ ಸ್ವಭಾವವೇ ಹಾಗಿದೆ. ಬೊಹೀಮಿಯದಲ್ಲಿ ಮನೆಗಳಿಗೆ ನಂಬರು ಕೊಟ್ಟದ್ದು ಸೈನ್ಯದ ನೇಮಕಾತಿಗಾಗಿ 1770–71ರಲ್ಲಿ ನಡೆದ ಗಣತಿಯ ಸಂದರ್ಭದಲ್ಲಿ. ಆಗ ಬೊಹೀಮಿಯವನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ಚರ್ಚಿನ ಜನನ, ವಿವಾಹ, ಮರಣ ಪುಸ್ತಕಗಳನ್ನು ಸರ್ಕಾರಿ ಮಾನ್ಯತೆಯ ದಾಖಲೆಗಳೆಂದು ಘೋಷಿಸಿ, ಅವುಗಳಿಗೆ ಅಚ್ಚುಕಟ್ಟಾದ ಕಲಮುಗಳನ್ನು ಗೊತ್ತುಪಡಿಸಿದ. ಅದಕ್ಕೆ ಹಿಂದಿನ ಪಾದ್ರಿಗಳು ಬಹುಮಟ್ಟಿಗೆ ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಮೊದಲ ಹೆಸರು, ಹಳ್ಳಿ, ಸಾಕ್ಷಿಗಳು, ಇಷ್ಟನ್ನೇ ಬರೆದು ಮುಗಿಸುತ್ತಿದ್ದರು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಮೂವರಿದ್ದರೆ ಯಾರ ಮಗು ಯಾವುದು ಎಂದು ಬೇರ್ಪಡಿಸಲು ಆ ಪುಸ್ತಕದಲ್ಲಿ ಏನೂ ಉಳಿದಿರುವುದಿಲ್ಲ. ಇನ್ನೂ ಹಿಂದೆ ಹೋದರೆ ಪುಸ್ತಕವೇ ಇರುವುದಿಲ್ಲ. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಪುಸ್ತಕಗಳನ್ನು ಇಡಬೇಕೆಂದು ವಿಧಿಸಿದ್ದರೂ ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದ ಮೇಲೆಯೇ ಹೆಚ್ಚಿನ ಜೆಕ್ ಚರ್ಚುಗಳಲ್ಲಿ ಅವು ಕ್ರಮವಾಗಿ ಆರಂಭವಾದವು.

ರೈತರ ಭೂಪುಸ್ತಕಗಳು ಇದಕ್ಕಿಂತ ಹಳೆಯವು. ಅನೇಕ ಜಮೀನ್ದಾರಿಗಳಲ್ಲಿ ಅವು 16ನೇ ಶತಮಾನದ ಉತ್ತರಾರ್ಧದಿಂದಲೇ ಸಿಗುತ್ತವೆ. ಜೆಕ್ ಭಾಷೆಯಲ್ಲಿ ಅವುಗಳಿಗೆ 'ಪೊಜೆಮ್ಕೊವೇ ಕ್ನಿಹಿ' ಎಂಬ ಹೆಸರಿದೆ. ಹಳಬರು 'ಗ್ರುಂಟೊವ್ನಿ ಕ್ನಿಹಿ' ಎನ್ನುತ್ತಾರೆ, ಏಕೆಂದರೆ ರೈತನ ಮನೆ, ಕೊಟ್ಟಿಗೆ, ಕಣ, ಹೊಲ, ಹುಲ್ಲುಗಾವಲು ಎಲ್ಲವೂ ಸೇರಿದ ಹಿಡುವಳಿಗೆ 'ಗ್ರುಂಟ್' ಎಂದು ಹೆಸರು. ಇಂಟರ್ನೆಟ್ಟಿನಲ್ಲಿ ಹುಡುಕುವಾಗ 'ಜೆಮ್ಸ್ಕೇ ದೆಸ್ಕಿ' ಎಂಬ ಇನ್ನೊಂದು ಬಗೆಯ ಭೂದಾಖಲೆ ನಿಮ್ಮ ಕಣ್ಣಿಗೆ ಬೀಳಬಹುದು. ಅದು ಶ್ರೀಮಂತ ಕುಲೀನರ ಆಸ್ತಿಗಳ ದಾಖಲೆ, ಅದರ ಹಳೆಯ ಸಂಪುಟಗಳು 1541ರ ಪ್ರಾಗ್ ಕೋಟೆಯ ಬೆಂಕಿಯಲ್ಲಿ ಸುಟ್ಟುಹೋದವು. ನಿಮ್ಮ ರೈತ ಮನೆತನಕ್ಕೆ ಅದು ಸಂಬಂಧಿಸಿದ್ದಲ್ಲ.

ಭೂಪುಸ್ತಕದಲ್ಲಿ ವಂಶದ ವಿವರ ಯಾಕೆ ಅಷ್ಟು ತುಂಬಿಕೊಂಡಿದೆ ಎಂಬುದನ್ನು ಮೊದಲು ಅರ್ಥ ಮಾಡಿಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ. ಹಳ್ಳಿಯ ರೈತರು ಜಮೀನ್ದಾರನ ಅಧೀನ ಪ್ರಜೆಗಳಾಗಿದ್ದರು. ಹಿಡುವಳಿ ಕೈ ಬದಲಾದಾಗಲೆಲ್ಲ, ತಂದೆಯಿಂದ ಮಗನಿಗೆ ಬಂದಾಗಲೂ ಸಹ, ಅದನ್ನು ಖರೀದಿಯ ರೂಪದಲ್ಲೇ ಬರೆಯುತ್ತಿದ್ದರು. ಹಳ್ಳಿಯ ಮುಖ್ಯಸ್ಥನಾದ ರಿಖ್ತಾರ್ಷ್ ಮತ್ತು ಅವನ ಪಂಚರು ಹಿಡುವಳಿಗೆ ಒಂದು ಬೆಲೆ ಕಟ್ಟುತ್ತಿದ್ದರು. ಹೊಸ ಹಿಡುವಳಿದಾರ ಸ್ವಲ್ಪ ಮುಂಗಡವನ್ನು ಕೊಟ್ಟು, ಉಳಿದುದನ್ನು ವರ್ಷ ವರ್ಷವೂ ಕಂತಿನಲ್ಲಿ ತೀರಿಸುತ್ತಿದ್ದ. ಆ ಹಣ ಹಿಂದಿನ ಹಿಡುವಳಿದಾರನಿಗೆ ಸಾಲ ಕೊಟ್ಟವರಿಗೆ, ಅವನ ವಿಧವೆಗೆ, ಹಿಡುವಳಿ ಸಿಗದೆ ಉಳಿದ ಅಣ್ಣತಮ್ಮಂದಿರಿಗೆ ಮತ್ತು ಅಕ್ಕತಂಗಿಯರಿಗೆ ಪಾಲಿನಂತೆ ಹೋಗುತ್ತಿತ್ತು. ಯಾರಾದರೂ ವಾರಸುದಾರ ಅನುಮತಿಯಿಲ್ಲದೆ ಜಮೀನ್ದಾರಿ ಬಿಟ್ಟು ಓಡಿಹೋದರೆ ಅವನ ಪಾಲು ಜಮೀನ್ದಾರನಿಗೆ ಸೇರುತ್ತಿತ್ತು. ಹೀಗಾಗಿ ಪ್ರತಿಯೊಬ್ಬ ವಾರಸುದಾರನೂ ಯಾರು, ಎಲ್ಲಿದ್ದಾನೆ, ಮಗಳಾದರೆ ಯಾರಿಗೆ ಮದುವೆಯಾಗಿದ್ದಾಳೆ, ಬದುಕಿದ್ದಾಳೆಯೇ ಎಂಬುದನ್ನು ತಿಳಿದಿರುವುದು ಜಮೀನ್ದಾರನ ಕಚೇರಿಗೆ ಹಣದ ವಿಷಯವಾಗಿತ್ತು. ಪಾದ್ರಿ ಒಂದು ಮಗುವಿನ ಜನನವನ್ನು ಬರೆದು ಪುಟ ತಿರುವುತ್ತಿದ್ದ. ಕಚೇರಿಯ ಗುಮಾಸ್ತ ಅದೇ ಮಗುವನ್ನು ಅದರ ಪಾಲು ತೀರುವವರೆಗೆ ಹಿಂಬಾಲಿಸುತ್ತಿದ್ದ.

ಇದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಇದು ವಿವರಣೆಗಾಗಿ ನಾನು ಕಟ್ಟಿದ್ದು, ನಿಮ್ಮ ಹಳ್ಳಿಯ ನಿಜ ನಮೂದಲ್ಲ. 1702ರಲ್ಲಿ ಒಬ್ಬ ರೈತ ತನ್ನ ದಿವಂಗತ ತಂದೆಯ ಗ್ರುಂಟನ್ನು 120 ಕೋಪಗಳಿಗೆ ವಹಿಸಿಕೊಳ್ಳುತ್ತಾನೆ. ಕೋಪ ಎಂದರೆ 60 ಗ್ರೊಶ್ ನಾಣ್ಯಗಳ ಲೆಕ್ಕದ ಹಣ. ಮೈಸನ್ ಎಂಬ ಜರ್ಮನ್ ಪ್ರದೇಶದ ಲೆಕ್ಕದಲ್ಲಿ ಒಂದು ಕೋಪಕ್ಕೆ 70 ಕ್ರೈತ್ಸರ್ ಎಂಬ ಸಣ್ಣ ನಾಣ್ಯಗಳು, 60 ಕ್ರೈತ್ಸರಿಗೆ ಒಂದು ಜ್ಲತೀ ಎಂಬ ದೊಡ್ಡ ನಾಣ್ಯ, ಆದ್ದರಿಂದ 120 ಕೋಪವೆಂದರೆ 140 ಜ್ಲತೀ. ಮುಂಗಡವಾಗಿ 10 ಕೋಪ ಕೊಟ್ಟು ವರ್ಷಕ್ಕೆ 3 ಕೋಪದಂತೆ ತೀರಿಸುತ್ತೇನೆಂದು ಅವನು ಒಪ್ಪಿಕೊಂಡರೆ, ಒಂದು ಕಂತೂ ತಪ್ಪದಿದ್ದರೂ ಉಳಿದ 110 ಕೋಪ ತೀರಲು ಸುಮಾರು 37 ವರ್ಷ ಬೇಕು. ಬೆಳೆ ಹೋದ ವರ್ಷ, ದಂಡು ಬಂದ ವರ್ಷ ಕಂತು ತಪ್ಪುತ್ತದೆ. ಅವನು ಸತ್ತಾಗ ಇನ್ನೂ ಬಾಕಿಯಿರುತ್ತದೆ. ಮಗ ಹಿಡುವಳಿಯನ್ನೂ ಬಾಕಿಯನ್ನೂ ಒಟ್ಟಿಗೆ ವಹಿಸಿಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಮೂಲ ವಾರಸುದಾರರಲ್ಲಿ ಕೆಲವರು ತೀರಿಹೋಗಿ ಅವರ ಮಕ್ಕಳು ಪಾಲು ಪಡೆಯಲು ಬಂದಿರುತ್ತಾರೆ. ಹೀಗೆ ಕಂತುಗಳ ಆ ಒಣ ಪಟ್ಟಿಯಲ್ಲಿ ಎರಡು ಮೂರು ತಲೆಮಾರುಗಳ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಗಂಡಂದಿರು, ಅವರು ನೆಲೆಸಿದ ಹಳ್ಳಿಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಹೊಸದಾಗಿ ಹುಡುಕುವವರು ಖರೀದಿಯ ಮೊದಲ ಪ್ಯಾರಾವನ್ನು ಓದಿ, ಕಂತಿನ ಪಟ್ಟಿಯನ್ನು ಬಿಟ್ಟು ಮುಂದೆ ಹೋಗುವುದನ್ನು ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ; ವಂಶದ ಸಂಬಂಧಗಳು ಹೆಚ್ಚಾಗಿ ಸಿಗುವುದು ಆ ಪಟ್ಟಿಯಲ್ಲೇ.

ಈಗ ನಿಮ್ಮ ದುಶೆಕ್ ಮತ್ತು ಕುಚೆರ ವಿಷಯಕ್ಕೆ ಬರೋಣ. ಇದು ಪಾದ್ರಿಯ ಕೈತಪ್ಪು ಎಂದು ತಳ್ಳಿಹಾಕಬೇಡಿ. ಜೆಕ್ ಹಳ್ಳಿಗಳಲ್ಲಿ, ವಿಶೇಷವಾಗಿ ದಕ್ಷಿಣ ಬೊಹೀಮಿಯದಲ್ಲಿ, ಮನುಷ್ಯನನ್ನು ಅವನು ವಾಸಿಸುವ ಹಿಡುವಳಿಯ ಹೆಸರಿನಿಂದ ಕರೆಯುವ ರೂಢಿ ಬಲವಾಗಿತ್ತು. 'ಪೊ ಖಲುಪ್ಯೆ', ಅಂದರೆ ಮನೆಯಿಂದ ಬಂದ ಹೆಸರು ಎನ್ನುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಮನೆಯ ಹೆಸರೇ ಮನೆಯವರ ಹೆಸರಿಗೆ ಅಂಟಿಕೊಳ್ಳುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಕುಚೆರ ಎಂಬವನ ಹಿಡುವಳಿಯನ್ನು ದುಶೆಕ್ ಎಂಬವನು ಕೊಂಡರೆ, ಇಲ್ಲವೇ ಅಲ್ಲಿಗೆ ಮನೆ ಅಳಿಯನಾಗಿ ಬಂದರೆ, ಊರವರಿಗೆ ಅವನು ಕುಚೆರನೇ. ಅವನ ಮಕ್ಕಳಲ್ಲಿ ಒಬ್ಬನನ್ನು ದುಶೆಕ್ ಎಂದೂ ಇನ್ನೊಬ್ಬಳನ್ನು ಕುಚೆರ ಎಂದೂ ಬರೆದಿರುವುದು ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕೆಲವು ಪಾದ್ರಿಗಳು ಎರಡನ್ನೂ ಬರೆದು ನಡುವೆ 'ಯಿನಾಕ್', 'ರ್ಜೆಚೆನೀ', 'ವುಲ್ಗೊ', 'ಅಲಿಯಾಸ್' ಎಂಬ, ಅಂದರೆ 'ಹೀಗೂ ಕರೆಯುತ್ತಾರೆ' ಎಂಬರ್ಥದ ಪದಗಳಲ್ಲಿ ಒಂದನ್ನು ಸೇರಿಸುತ್ತಿದ್ದರು. ಎರಡನೇ ಜೋಸೆಫ್ 1780ರ ದಶಕದಲ್ಲಿ ಕುಲನಾಮವನ್ನು ಬದಲಿಸಬಾರದೆಂದು ಆಜ್ಞೆ ಹೊರಡಿಸಿದ. ಆದರೆ ಹಳ್ಳಿಯ ನಾಲಿಗೆ ಒಮ್ಮೆಲೇ ಆಜ್ಞೆ ಕೇಳುವುದಿಲ್ಲ, ನಿಮ್ಮ 1788 ಮತ್ತು 1790ರ ನಮೂದುಗಳು ಸರಿಯಾಗಿ ಆ ಸಂಧಿಕಾಲದಲ್ಲಿವೆ.

ಇದೇ ಕಾರಣಕ್ಕೆ, ನಿಮ್ಮ ಹುಡುಕಾಟವನ್ನು ಕುಲನಾಮದಿಂದ ಬಿಡಿಸಿ ಮನೆಗೆ ಕಟ್ಟಿ ಎಂಬುದು ನನ್ನ ಮುಖ್ಯ ಸಲಹೆ. ಚರ್ಚ್ ಪುಸ್ತಕದಲ್ಲಿ ನೀವು ದುಶೆಕ್ ಎಂಬ ಹೆಸರನ್ನು ಹುಡುಕುತ್ತ ಹೋದರೆ ದಾರಿ ತಪ್ಪುವ ಸಂಭವವೇ ಹೆಚ್ಚು. ಭೂಪುಸ್ತಕದಲ್ಲಿ 14ನೇ ನಂಬರಿನ ಹಿಡುವಳಿಯನ್ನು ಹಿಡಿದು, ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು ಹಿಂದಕ್ಕೆ ಎಣಿಸುತ್ತ ಹೋದರೆ, ಯಾವ ವರ್ಷ ಯಾವ ದುಶೆಕ್ ಯಾವ ಹಕ್ಕಿನಿಂದ ಆ ಮನೆಗೆ ಕಾಲಿಟ್ಟ ಎಂಬುದು ಬರಹದಲ್ಲೇ ಸಿಗುತ್ತದೆ. ಮಗನಾಗಿಯೋ, ಅಳಿಯನಾಗಿಯೋ, ಸಂಬಂಧವೇ ಇಲ್ಲದ ಖರೀದಿದಾರನಾಗಿಯೋ ಎಂದು ಅಲ್ಲಿ ಹೇಳಿರುತ್ತದೆ. ಪುಟದ ಶೀರ್ಷಿಕೆಯಲ್ಲಿ 'ಕುಚೆರೊವ್ಸ್ಕೀ ಗ್ರುಂಟ್' ಎಂದಿದ್ದರೆ ಅದು ಹಿಡುವಳಿಯ ಹಳೆಯ ಹೆಸರು; ಆ ಹೊತ್ತಿಗೆ ಅಲ್ಲಿ ಒಬ್ಬನೇ ಒಬ್ಬ ಕುಚೆರ ಇಲ್ಲದೆಯೂ ಇರಬಹುದು.

ಇನ್ನೊಂದು ಸನ್ನಿವೇಶದ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ವಂಶವೃಕ್ಷಗಳು ತಪ್ಪುವುದು ಬಹುಪಾಲು ಇಲ್ಲಿಯೇ. ಹಿಡುವಳಿದಾರ ಚಿಕ್ಕ ವಯಸ್ಸಿನಲ್ಲಿ ಸತ್ತು, ಮಕ್ಕಳು ಸಣ್ಣವರಾಗಿದ್ದರೆ ಹೊಲ ಪಾಳು ಬೀಳಲು ಜಮೀನ್ದಾರ ಬಿಡುತ್ತಿರಲಿಲ್ಲ. ವಿಧವೆ ಬೇಗನೆ ಮರುಮದುವೆಯಾಗುತ್ತಿದ್ದಳು, ಎರಡನೇ ಗಂಡ ಮಕ್ಕಳು ಪ್ರಾಯಕ್ಕೆ ಬರುವವರೆಗೆ ತಾತ್ಕಾಲಿಕ ಹಿಡುವಳಿದಾರನಾಗಿ ಮನೆ ನಡೆಸುತ್ತಿದ್ದ. ಅವಧಿ ಮುಗಿದ ಮೇಲೆ ಮೊದಲ ಗಂಡನ ಮಗ ಹಿಡುವಳಿಯನ್ನು ವಹಿಸಿಕೊಳ್ಳುತ್ತಿದ್ದ, ಮಲತಂದೆ ಗಂಡಹೆಂಡಿರ ಜೀವನಾಂಶವನ್ನು ಪಡೆದು ಹಿಂದೆ ಸರಿಯುತ್ತಿದ್ದ. ಚರ್ಚ್ ಪುಸ್ತಕವನ್ನಷ್ಟೇ ನೋಡಿದವರಿಗೆ ಆ ಮನೆಯಲ್ಲಿ ದುಶೆಕ್ ಇದ್ದ, ಅವನ ನಂತರ ಅದೇ ಮನೆಯಲ್ಲಿ ಇನ್ನೊಬ್ಬ ಬಂದ ಎಂದು ಮಾತ್ರ ಕಾಣುತ್ತದೆ, ಅವರು ತಂದೆಮಕ್ಕಳೆಂದು ಬರೆದುಕೊಂಡುಬಿಡುತ್ತಾರೆ. ಭೂಪುಸ್ತಕದಲ್ಲಿ 'ಒತ್ಚೀಮ್' ಎಂದಿದ್ದರೆ ಮಲತಂದೆ, 'ಪಸ್ತೊರೆಕ್' ಎಂದಿದ್ದರೆ ಮಲಮಗ, 'ಜೆತ್ಯ್' ಎಂದಿದ್ದರೆ ಅಳಿಯ. ಈ ಮೂರು ಪದಗಳನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ನಿಮ್ಮ ಮತ್ಯೇಯ್ ರಕ್ತಸಂಬಂಧದಿಂದ ದುಶೆಕ್ ಆಗಿದ್ದು ಮನೆಯಿಂದ ಕುಚೆರ ಎನಿಸಿಕೊಂಡನೇ, ಇಲ್ಲವೇ ಹುಟ್ಟಿನಿಂದ ಕುಚೆರನಾಗಿದ್ದು ಮಲತಂದೆಯ ಹೆಸರಿನಿಂದ ದುಶೆಕ್ ಎನಿಸಿಕೊಂಡನೇ ಎಂಬುದು ಇಲ್ಲಿಯೇ ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ಎರಡೂ ಸಾಧ್ಯತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿರಿ.

ಜೀವನಾಂಶವೆಂದೆನಲ್ಲ, ಅದಕ್ಕೆ 'ವೀಮ್ಯೆನೆಕ್' ಎನ್ನುತ್ತಾರೆ. ತಂದೆತಾಯಿ ಹಿಡುವಳಿಯನ್ನು ಮಗನಿಗೆ ಬಿಟ್ಟುಕೊಡುವಾಗ ತಮಗೆ ಪ್ರತ್ಯೇಕ ಕೋಣೆ, ವರ್ಷಕ್ಕೆ ಇಂತಿಷ್ಟು ರೈ ಎಂಬ ಧಾನ್ಯ ಮತ್ತು ಗೋಧಿ, ಒಂದು ಹಸುವಿಗೆ ಮೇವು, ತೋಟದ ಇಂಥ ಮರದ ಹಣ್ಣು ಎಂದು ಕರಾರು ಬರೆಸಿಕೊಳ್ಳುತ್ತಿದ್ದರು. ಇದರಲ್ಲಿ ವಂಶ ಹುಡುಕುವವರಿಗೆ ಉಪಯುಕ್ತವಾದ ಅಂಶವೆಂದರೆ, ಕರಾರಿನ ದಿನ ತಂದೆತಾಯಿ ಇಬ್ಬರೂ ಬದುಕಿದ್ದರೇ, ಒಬ್ಬರೇ ಇದ್ದರೇ ಎಂಬುದು ಸ್ಪಷ್ಟವಾಗುತ್ತದೆ. ಮರಣದ ವರ್ಷವನ್ನು ಎಲ್ಲಿ ಹುಡುಕಬೇಕೆಂಬುದು ಅದರಿಂದ ತಿಳಿಯುತ್ತದೆ. ಅದಲ್ಲದೆ, ಮನೆಯ ಹಿರಿಯರು ಯಾವ ಕೋಣೆಯಲ್ಲಿ ಮಲಗಿದರು, ಏನು ಉಂಡರು ಎಂಬುದು ಬೇರೆ ಯಾವ ದಾಖಲೆಯಲ್ಲೂ ಇಷ್ಟು ಹತ್ತಿರದಿಂದ ಸಿಗುವುದಿಲ್ಲ. ಮೊಮ್ಮಗನಿಗೆ ಬರೆದುಕೊಡುವ ಪುಸ್ತಕದಲ್ಲಿ ಅಂಥ ಒಂದು ಕರಾರನ್ನು ಪೂರ್ತಿಯಾಗಿ ಸೇರಿಸಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಕೆಲಸವನ್ನು ಎಲ್ಲಿಂದ ತೊಡಗಬೇಕೆಂದರೆ, ಮೊದಲು ನಿಮ್ಮ ಹಳ್ಳಿ ಯಾವ ಜಮೀನ್ದಾರಿಗೆ ಸೇರಿತ್ತೆಂಬುದನ್ನು ಖಚಿತಪಡಿಸಿಕೊಳ್ಳಿ. ಚರ್ಚಿನ ವ್ಯಾಪ್ತಿ ಬೇರೆ, ಜಮೀನ್ದಾರಿಯ ವ್ಯಾಪ್ತಿ ಬೇರೆ; ಒಂದೇ ಹಳ್ಳಿಯ ಅರ್ಧ ಒಬ್ಬ ಒಡೆಯನಿಗೂ ಇನ್ನರ್ಧ ಮತ್ತೊಬ್ಬನಿಗೂ ಸೇರಿದ್ದುಂಟು, ಆಗ ಭೂಪುಸ್ತಕಗಳೂ ಎರಡು ಕಡೆ ಹಂಚಿಹೋಗಿರುತ್ತವೆ. ತ್ರೆಬೊನ್ ಸುತ್ತಲಿನ ದೊಡ್ಡ ಜಮೀನ್ದಾರಿ ಮೊದಲು ರೋಜ್ಮ್‌ಬೆರ್ಕ್ ಮನೆತನದ ಕೈಯಲ್ಲಿತ್ತು. ಆ ಮನೆತನದ ಕೊನೆಯವನಾದ ಪೆತ್ರ್ ವೊಕ್ 1611ರಲ್ಲಿ ತೀರಿಕೊಂಡ. 1660ರಿಂದ ಅದು ಶ್ವಾರ್ಜೆನ್‌ಬೆರ್ಗ್ ಮನೆತನಕ್ಕೆ ಬಂತು. ಈ ಎರಡೂ ಮನೆತನಗಳ ಕಚೇರಿಗಳು ಕಾಗದಪತ್ರಗಳನ್ನು ಬಹಳ ಜತನದಿಂದ ಇಟ್ಟವು, ಅವು ಇಂದು ತ್ರೆಬೊನ್ ಪ್ರಾದೇಶಿಕ ಪತ್ರಾಗಾರದ ಆಸ್ತಿಯಾಗಿವೆ. ಆ ದೃಷ್ಟಿಯಿಂದ ನಿಮ್ಮ ಅಳಿಯನ ಮನೆತನ ಅದೃಷ್ಟವಂತ ಪ್ರದೇಶದಿಂದ ಬಂದಿದೆ. ಆ ಪತ್ರಾಗಾರ ಚರ್ಚ್ ಪುಸ್ತಕಗಳ ಜೊತೆಗೆ ಅನೇಕ ಭೂಪುಸ್ತಕಗಳ ಚಿತ್ರಗಳನ್ನೂ ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದೆ. ನೆಬ್ರಾಸ್ಕದಲ್ಲಿ ಕುಳಿತೇ ಓದಬಹುದು.

ಪಟ್ಟಿಯಲ್ಲಿ ಹುಡುಕುವಾಗ ಜಮೀನ್ದಾರಿಯ ಹೆಸರಿನ ಜೊತೆಗೆ ಜಿಲ್ಲಾ ನ್ಯಾಯಾಲಯದ ಹೆಸರಿನ ಕೆಳಗೂ ನೋಡಿ. 1848ರ ಸೆಪ್ಟೆಂಬರಿನಲ್ಲಿ ಬಿಟ್ಟಿ ದುಡಿಮೆ ಮತ್ತು ಜಮೀನ್ದಾರನ ಅಧೀನ ಪ್ರಜೆಯಾಗಿರುವ ಸ್ಥಿತಿ ರದ್ದಾಗಿ, ಜಮೀನ್ದಾರರ ಆಡಳಿತವೂ ಕೊನೆಗೊಂಡಾಗ ಭೂಪುಸ್ತಕಗಳು ಸರ್ಕಾರಿ ನ್ಯಾಯಾಲಯಗಳಿಗೆ ಹೋದವು, ಪತ್ರಾಗಾರಗಳಿಗೆ ಬಂದದ್ದು ಅಲ್ಲಿಂದ. ಆದ್ದರಿಂದ ಪುಸ್ತಕವೊಂದು ಜಮೀನ್ದಾರಿಯ ಸಂಗ್ರಹದಲ್ಲಿ ಕಾಣದಿದ್ದರೆ ಅದು ಕಳೆದುಹೋಯಿತೆಂದು ತೀರ್ಮಾನಿಸಬೇಡಿ.

ಎರಡನೇ ಹೆಜ್ಜೆ, ಹಿಡುವಳಿಯನ್ನು ನಿಶ್ಚಯವಾಗಿ ಗುರುತಿಸುವುದು. ವಲಸೆ ಹೋದವನಿಂದಲೇ ಆರಂಭಿಸಿ. ಅಮೆರಿಕಕ್ಕೆ ಹೊರಟವರು ಹಡಗಿನ ಖರ್ಚಿಗಾಗಿ ಹಿಡುವಳಿಯನ್ನೋ ತಮ್ಮ ಪಾಲನ್ನೋ ಮಾರಿ ಹೊರಡುವುದು ಸಾಮಾನ್ಯವಾಗಿತ್ತು, ಆ ಕರಾರು ನ್ಯಾಯಾಲಯದ ದಸ್ತಾವೇಜುಗಳ ಸಂಪುಟದಲ್ಲಿ ಇರುತ್ತದೆ. 1871ರ ಕಾನೂನಿನ ನಂತರ ಹೊಸ ಮಾದರಿಯ ಭೂನೋಂದಣಿ ಪುಸ್ತಕಗಳು ಬಂದವು. 1870ರ ದಶಕದ ವ್ಯವಹಾರ ಹಳೆಯದರ ಕೊನೆಯಲ್ಲಿಯೋ ಹೊಸದರ ಆರಂಭದಲ್ಲಿಯೋ ಇರಬಹುದು. ಅಲ್ಲಿಂದ ಹಿಂದಕ್ಕೆ ಬಂದರೆ ಸ್ಟಾಬಿಲ್ನೀ ಕತಸ್ತರ್ ಎಂಬ ಭೂಮಾಪನ ಸಿಗುತ್ತದೆ. 1817ರ ಆಜ್ಞೆಯಂತೆ ನಡೆದ ಈ ಅಳತೆಯಲ್ಲಿ ಬೊಹೀಮಿಯವನ್ನು 1826ರಿಂದ 1843ರ ನಡುವೆ, ಮಧ್ಯೆ ಕೆಲವು ವರ್ಷ ನಿಲ್ಲಿಸಿ, 1:2880ರ ಪ್ರಮಾಣದಲ್ಲಿ ನಕ್ಷೆ ಮಾಡಿದರು. ಬಣ್ಣದ ಪ್ರತಿಗಳಲ್ಲಿ ಮರದ ಕಟ್ಟಡಗಳು ಹಳದಿ, ಕಲ್ಲು ಇಟ್ಟಿಗೆಯವು ಕೆಂಪು. ಆ ಮನೆ ಆಗ ಮರದ್ದೇ ಕಲ್ಲಿನದೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ನಿಮಗೆ ಹೆಚ್ಚು ಬೇಕಾದದ್ದು 'ಇಂಡಿಕಾಚ್ನೀ ಸ್ಕಿತ್ಸಿ' ಎಂಬ ಕರಡು ನಕ್ಷೆಗಳು, ಏಕೆಂದರೆ ಅವುಗಳ ಮೇಲೆ ಪ್ರತಿ ತಾಕಿನ ಹಿಡುವಳಿದಾರನ ಹೆಸರನ್ನು ಮನೆ ನಂಬರಿನೊಂದಿಗೆ ಬರೆದಿದ್ದಾರೆ. ಬೊಹೀಮಿಯದ ಕರಡುಗಳು ಪ್ರಾಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಬೊಹೀಮಿಯದ ಪೂರ್ವಕ್ಕಿರುವ ಮೊರಾವಿಯ ಪ್ರಾಂತದವು ಬ್ರ್ನೊ ನಗರದಲ್ಲಿವೆ. ಅದಕ್ಕೂ ಹಿಂದೆ, 1785ರಿಂದ 1789ರ ಜೋಸೆಫನ ಕಾಲದ ಭೂಮಾಪನ ಪಟ್ಟಿ ನಿಮ್ಮ 1788ರ ನಮೂದಿಗೆ ಸರಿಯಾಗಿ ಹೊಂದುವ ಕಾಲದ್ದು. ಆದರೆ ಒಂದು ಎಚ್ಚರಿಕೆ: 19ನೇ ಶತಮಾನದ ಆರಂಭದಲ್ಲಿ ಅನೇಕ ಹಳ್ಳಿಗಳಲ್ಲಿ ಮನೆಗಳಿಗೆ ಹೊಸದಾಗಿ ನಂಬರು ಹಾಕಿದ್ದಾರೆ. 1788ರ 14 ಮತ್ತು ನಕ್ಷೆಯ 14 ಒಂದೇ ಎಂದು ಭಾವಿಸುವ ಮೊದಲು, ಅಕ್ಕಪಕ್ಕದ ಮೂರು ನಾಲ್ಕು ಮನೆಗಳ ಹೆಸರುಗಳೂ ಎರಡೂ ಕಡೆ ಹೊಂದುತ್ತವೆಯೇ ಎಂದು ನೋಡಿ.

ಭೂಪುಸ್ತಕದೊಳಗೆ ಹೊಕ್ಕ ಮೇಲೆ ಹೊಸದರಿಂದ ಹಳೆಯದಕ್ಕೆ ಚಲಿಸಿ. ಪ್ರತಿ ಹಿಡುವಳಿಗೂ ಕೆಲವು ಹಾಳೆಗಳನ್ನು ಮೀಸಲಿಟ್ಟಿರುತ್ತಾರೆ, ಅವು ತುಂಬಿದಾಗ ಹೊಸ ಪುಸ್ತಕದ ಹಾಳೆ ಸಂಖ್ಯೆಯನ್ನು ಬರೆದು ಮುಂದುವರಿಸುತ್ತಾರೆ, ಹೊಸ ಪುಸ್ತಕದಲ್ಲೂ ಹಳೆಯ ಹಾಳೆಯ ಉಲ್ಲೇಖ ಇರುವುದುಂಟು. ಹಳೆಯ ಪುಸ್ತಕಗಳಲ್ಲಿ ಮನೆ ನಂಬರು ಇರುವುದಿಲ್ಲವಾದ್ದರಿಂದ ಈ ಹಾಳೆ ಸಂಖ್ಯೆಗಳೇ ನಿಮ್ಮ ಏಕೈಕ ಕೊಂಡಿ. ಪ್ರತಿ ಬಾರಿಯೂ ಅವುಗಳನ್ನು ಗುರುತು ಹಾಕಿಕೊಳ್ಳಿ. ಕೊಂಡಿ ಕಾಣದಿದ್ದರೆ ಬೆಲೆಯನ್ನೂ ಬಾಕಿಯನ್ನೂ ಹೋಲಿಸಿ: ಹಳೆಯ ಪುಸ್ತಕ ಮುಗಿದಾಗ 46 ಕೋಪ ಬಾಕಿಯಿದ್ದು ಹೊಸ ಪುಸ್ತಕ 46 ಕೋಪದಿಂದ ತೊಡಗಿದರೆ, ವಾರಸುದಾರರ ಹೆಸರುಗಳೂ ಹೊಂದಿದರೆ, ಅದು ಅದೇ ಹಿಡುವಳಿ.

ಓದುವ ಕಷ್ಟವನ್ನು ಮುಚ್ಚಿಡಲಾರೆ. ಬರಹ ಕುರೆಂಟ್ ಎಂಬ ಹಳೆಯ ಜರ್ಮನ್ ಶೈಲಿಯ ಮೋಡಿ ಲಿಪಿಯಲ್ಲಿದೆ. ಭಾಷೆ ಜೆಕ್ ಆಗಿದ್ದಾಗಲೂ ಲಿಪಿ ಅದೇ. ಜೆಕ್ ಭಾಷಿಕ ಪ್ರದೇಶಗಳಲ್ಲಿ 18ನೇ ಶತಮಾನದ ಬಹುಭಾಗದವರೆಗೆ ಭಾಷೆ ಜೆಕ್ ಆಗಿದ್ದು, ಜೋಸೆಫನ ಕಾಲದಲ್ಲಿ ಜರ್ಮನ್ ಹೆಚ್ಚಾಗುತ್ತದೆ. ಕಾಗುಣಿತವೂ ಇಂದಿನದಲ್ಲ: ಇಂದು 'ವಿ' ಅಕ್ಷರ ಬರೆಯುವಲ್ಲಿ ಅಂದು 'ಡಬ್ಲ್ಯೂ' ಬರೆಯುತ್ತಿದ್ದರು, ಇಂದು 'ಜೆ' ಅಕ್ಷರದಿಂದ ಬರೆಯುವ ಯಕಾರಕ್ಕೆ ಅಂದು 'ಜಿ' ಬಳಸುತ್ತಿದ್ದರು, ದೀರ್ಘ ಈಕಾರಕ್ಕೆ 'ಜೆ' ಬಳಸುತ್ತಿದ್ದರು. ಹೆಸರುಗಳಿಗೆ ವಿಭಕ್ತಿ ಸೇರಿ ರೂಪ ಬದಲಾಗುತ್ತದೆ ಎಂಬುದು ಕನ್ನಡಿಗರಾದ ನಿಮಗೆ ಅಮೆರಿಕದ ಇತರ ಹುಡುಕಾಟಗಾರರಿಗಿಂತ ಬೇಗ ಹೊಳೆಯುತ್ತದೆ. 'ಮತ್ಯೇಯೊವಿ' ಎಂಬುದನ್ನು ಕಂಡು ಬೇರೆ ವ್ಯಕ್ತಿಯೆಂದುಕೊಳ್ಳಬೇಡಿ. ಹಳೆಯ ನಮೂದುಗಳ ದಿನಾಂಕಗಳು 'ಸಂತ ಮಾರ್ಟಿನರ ಹಬ್ಬದ ನಂತರದ ಗುರುವಾರ' ಎಂಬಂತೆ ಇರುತ್ತವೆ, ಅವನ್ನು ಲೆಕ್ಕ ಹಾಕಿ ತಿಳಿಯಬೇಕು. 'ಹಿರಿಯ', 'ಕಿರಿಯ' ಎಂಬ ವಿಶೇಷಣಗಳನ್ನು ತಂದೆಮಗ ಎಂದು ಅರ್ಥೈಸುವುದು ಇನ್ನೊಂದು ಸಾಮಾನ್ಯ ಎಡವು. ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರನ್ನು ವಯಸ್ಸಿನಿಂದ ಬೇರ್ಪಡಿಸಲು ಮಾತ್ರ ಹಾಗೆ ಬರೆದಿರಬಹುದು. ಒಬ್ಬನೇ ಗುಮಾಸ್ತನ ಕೈಬರಹದ ಪುಟಗಳನ್ನು ಮೊದಲು ಅಭ್ಯಾಸ ಮಾಡಿ, ಗೊತ್ತಿರುವ ಹೆಸರುಗಳಿಂದ ಅಕ್ಷರಗಳ ಪಟ್ಟಿ ತಯಾರಿಸಿಕೊಂಡರೆ, ಉಳಿದದ್ದು ನಿಧಾನವಾಗಿ ತೆರೆದುಕೊಳ್ಳುತ್ತದೆ. ಪೂರ್ತಿ ಓದಲಾಗದ ಎರಡು ಮೂರು ಮುಖ್ಯ ನಮೂದುಗಳಿಗೆ ಮಾತ್ರ ವೃತ್ತಿಪರರ ನೆರವನ್ನು ಪಡೆಯುವುದು ಖರ್ಚಿನ ದೃಷ್ಟಿಯಿಂದ ಜಾಣತನ.

ಭೂಪುಸ್ತಕದಿಂದ ಸಿಕ್ಕ ಸಂಬಂಧವನ್ನು ಇನ್ನೊಂದು ದಾಖಲೆಯಿಂದ ತಾಳೆ ನೋಡದೆ ಖಾಯಂ ಮಾಡಬೇಡಿ. ಜಮೀನ್ದಾರನ ಕಚೇರಿ ಪ್ರಜೆಗಳ ಪಟ್ಟಿಗಳನ್ನೂ 'ಅನಾಥರ' ಪಟ್ಟಿಗಳನ್ನೂ ಇಡುತ್ತಿತ್ತು. ತಾಯಿ ಬದುಕಿದ್ದರೂ ತಂದೆ ಸತ್ತ ಮಕ್ಕಳೆಲ್ಲ ಆ ಲೆಕ್ಕದಲ್ಲಿ ಅನಾಥರೇ, ಅವರು ಎಲ್ಲಿ ಚಾಕರಿಗಿದ್ದಾರೆಂಬುದನ್ನೂ ಬರೆಯುತ್ತಿದ್ದರು. ಹಿಡುವಳಿಯಿಲ್ಲದ ಪೊದ್ರುಹ್‌ಗಳೂ ಈ ಪ್ರಜಾಪಟ್ಟಿಗಳಲ್ಲಿ ಸಿಗುತ್ತಾರೆ. ನಿಮ್ಮ ವಂಶದ ಯಾವುದಾದರೂ ಕೊಂಬೆ ಭೂಪುಸ್ತಕದಲ್ಲಿ ಕಣ್ಮರೆಯಾದರೆ ಅಲ್ಲಿ ಹುಡುಕಿ. 1781ರ ನವೆಂಬರ್ 1ರಂದು ಜೀತದ ಬಂಧನ ಸಡಿಲವಾಗುವವರೆಗೆ ಒಂದು ಜಮೀನ್ದಾರಿಯಿಂದ ಇನ್ನೊಂದಕ್ಕೆ ಮದುವೆಯಾಗಿ ಹೋಗಲು ಬಿಡುಗಡೆ ಪತ್ರ ಬೇಕಾಗಿತ್ತು, ಹೊರಗಿನಿಂದ ಬಂದ ಸೊಸೆಯ ತವರೂರು ಅಂಥ ಪತ್ರದಿಂದ ತಿಳಿಯುವುದುಂಟು.

17ನೇ ಶತಮಾನದ ಮಧ್ಯಭಾಗಕ್ಕೆ ಎರಡು ದೊಡ್ಡ ದಾಖಲೆಗಳಿವೆ. 1651ರಲ್ಲಿ ಬೊಹೀಮಿಯದ ಜನರನ್ನು ಅವರ ಮತದ ಪ್ರಕಾರ ಪಟ್ಟಿ ಮಾಡಿದರು. ಅದರಲ್ಲಿ ಮನೆಯವರ ಹೆಸರು, ಸ್ಥಾನ, ಅಂದಾಜು ವಯಸ್ಸು, ಕ್ಯಾಥೊಲಿಕ್ ಹೌದೋ ಅಲ್ಲವೋ, ಅಲ್ಲದಿದ್ದರೆ ಮತಾಂತರವಾಗುವ ನಿರೀಕ್ಷೆಯಿದೆಯೋ ಎಂಬುದಿದೆ. 1654ರ 'ಬೆರ್ನೀ ರುಲಾ' ಎಂಬ ತೆರಿಗೆ ಪಟ್ಟಿ ಹಿಡುವಳಿದಾರನ ಹೆಸರು, ಹೊಲದ ವಿಸ್ತಾರ, ಎಳೆಯುವ ದನ, ಹಸು, ಕುರಿ, ಹಂದಿಗಳ ಲೆಕ್ಕ ಕೊಡುತ್ತದೆ. ಹೊಲವನ್ನು 'ಸ್ತ್ರಿಖ್' ಎಂಬ ಅಳತೆಯಲ್ಲಿ ಬರೆದಿದ್ದಾರೆ. ಒಂದು ಸ್ತ್ರಿಖ್ ಸುಮಾರು 28 ಗುಂಟೆ. ಯುದ್ಧದಲ್ಲಿ ಪಾಳುಬಿದ್ದ ಹಿಡುವಳಿಗಳನ್ನೂ ಇದರಲ್ಲಿ ಪ್ರತ್ಯೇಕವಾಗಿ ತೋರಿಸಿದ್ದಾರೆ, ಆದ್ದರಿಂದ ಭೂಪುಸ್ತಕದ ಸರಪಳಿ 1630 ಅಥವಾ 1640ರ ದಶಕದಲ್ಲಿ ಒಮ್ಮೆಲೇ ತುಂಡಾದರೆ ಕಾರಣ ಇಲ್ಲಿ ಸಿಗಬಹುದು. ಮೊರಾವಿಯದ ಕಡೆಯ ಪೂರ್ವಜರು ಯಾರಾದರೂ ಸಿಕ್ಕರೆ ಅಲ್ಲಿಯ ಸಮಾನ ದಾಖಲೆ 'ಲಾನೊವೇ ರೇಸ್ತ್ರ್ಝೀಕಿ'. ಅದರಲ್ಲಿ ಆಗಿನ ಹಿಡುವಳಿದಾರನ ಜೊತೆಗೆ ಅವನಿಗಿಂತ ಹಿಂದೆ ಇದ್ದವನ ಹೆಸರೂ ಇರುವುದರಿಂದ ವಂಶ ಹುಡುಕುವವರಿಗೆ ಅದು ಬಹಳ ಬೆಲೆಬಾಳುವಂಥದು.

ಎಷ್ಟು ಹಿಂದಕ್ಕೆ ಹೋಗಬಹುದೆಂದು ಕೇಳಿದ್ದೀರಿ. ಹಿಡುವಳಿ ಮನೆತನದಲ್ಲೇ ಉಳಿದು, ಪುಸ್ತಕಗಳೂ ಉಳಿದಿದ್ದರೆ 1600ರ ಆಸುಪಾಸಿಗೆ ತಲುಪುವುದು ಅಸಾಧ್ಯವೇನಲ್ಲ. ಎಲ್ಲ ಜಮೀನ್ದಾರಿಗಳಲ್ಲೂ ಹೀಗಾಗುವುದಿಲ್ಲ: ಕೆಲವೆಡೆ ರೈತರಿಗೆ ಹಿಡುವಳಿಯನ್ನು ಕೊಂಡ ಹಕ್ಕೇ ಇರಲಿಲ್ಲ, ಅಲ್ಲಿ ಖರೀದಿಯ ಪುಸ್ತಕಗಳು ತಡವಾಗಿ ಆರಂಭವಾಗುತ್ತವೆ. ಅದಕ್ಕೂ ಹಿಂದಿನದು 'ಉರ್ಬಾರ್ಷ್' ಎಂಬ ಕಂದಾಯ ಪುಸ್ತಕಗಳ ಕಾಲ. ಅವುಗಳಲ್ಲಿ ಹಳ್ಳಿಯ ಹಿಡುವಳಿದಾರರ ಹೆಸರು ಮತ್ತು ಅವರು ಕೊಡಬೇಕಾದ ಹಣ, ಧಾನ್ಯ, ಕೋಳಿ, ಮೊಟ್ಟೆಗಳ ಲೆಕ್ಕವಿದೆ. ಯಾರು ಯಾರ ಮಗ ಎಂಬುದು ಸಾಮಾನ್ಯವಾಗಿ ಇಲ್ಲ. ಅಲ್ಲಿ ಒಬ್ಬ ಕುಚೆರ ಸಿಕ್ಕರೆ ಅವನು ನಿಮ್ಮ ಮೊಮ್ಮಗನ ಪೂರ್ವಜನೆಂದು ಹೇಳಲು ಆಧಾರವಿರುವುದಿಲ್ಲ, ಆ ಮನೆಗೆ ಹೆಸರು ಕೊಟ್ಟವನಿರಬಹುದು ಎಂದಷ್ಟೇ ಹೇಳಬಹುದು. ಅಂಥ ಹೆಸರುಗಳನ್ನು ವಂಶವೃಕ್ಷಕ್ಕೆ ಸೇರಿಸದೆ, ಹಿಡುವಳಿಯ ಚರಿತ್ರೆ ಎಂಬ ಬೇರೆ ಅಧ್ಯಾಯದಲ್ಲಿ ಪುಸ್ತಕದ ಮತ್ತು ಹಾಳೆಯ ಸಂಖ್ಯೆಯೊಂದಿಗೆ ಬರೆದಿಡಿ. ಸದ್ಯಕ್ಕೆ ನಿಮ್ಮ ಮುಂದಿರುವ ಮೊದಲ ಕೆಲಸ, 1788ಕ್ಕೆ ಮುನ್ನ ಮತ್ಯೇಯ್ ಆ ಹಿಡುವಳಿಯನ್ನು ವಹಿಸಿಕೊಂಡ ನಮೂದನ್ನು ಹುಡುಕಿ, ಅದರ ಕೆಳಗಿರುವ ವಾರಸುದಾರರ ಪಟ್ಟಿಯನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳುವುದು.